ಕುರುಗೋಡಿನ ಬಸ್ಸಿನಲ್ಲಿ ಚೆಲ್ಲಿದ ನೀರು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. 1981ರ ಏಪ್ರಿಲ್ ತಿಂಗಳ ಕೊನೆಯ ವಾರ. ಕುರುಗೋಡಿನಿಂದ ಬಳ್ಳಾರಿಗೆ ಹೊರಟ ಬಸ್ಸು ಕೋಳೂರು ಕ್ರಾಸ್ ದಾಟಿತ್ತು. ಬಳ್ಳಾರಿ ಇನ್ನೆಷ್ಟು ಹೊತ್ತಿನ ದಾರಿ ಎಂದು ನಾನು ಕೈಗಡಿಯಾರ ನೋಡಿಕೊಳ್ಳುತ್ತಿದ್ದಾಗಲೇ ಹಿಂದಿನ ಸೀಟಿನಲ್ಲಿ ನನ್ನ ಅಕ್ಕನ ತಲೆ ಕಿಟಕಿಯ ಕಂಬಿಗೆ ಬಡಿದ ಸದ್ದಾಯಿತು. ಅದಕ್ಕೇ ಆ ಹೊತ್ತು ನನಗೆ ಇಷ್ಟು ಖಚಿತವಾಗಿ ನೆನಪಿದೆ.

ನಾನು ಆಗ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಸಿರುಗುಪ್ಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಕ್ಕ ಶಾಂತಾಳನ್ನು ಕುರುಗೋಡಿಗೆ ಕೊಟ್ಟು ಒಂಬತ್ತು ವರ್ಷವಾಗಿತ್ತು. ಅವಳ ಗಂಡ ಬಸವರಾಜ ಮಾವನಿಗೆ ಊರಿನಲ್ಲಿ ಗೊಬ್ಬರದ ಅಂಗಡಿ. ಮನೆಯಲ್ಲಿ ಅಕ್ಕನ ಅತ್ತೆ ನೀಲಮ್ಮ, ಮೂರು ಮಕ್ಕಳು. ಮೂರನೆಯದು ಹದಿಮೂರು ತಿಂಗಳ ಕೂಸು. ಬೇಸಿಗೆ ರಜೆ ಬಂದ ಕೂಡಲೇ ನಾನು ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ಹೋದೆ.

ಮೊದಲ ದಿನವೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಅಕ್ಕ ಒಣಗಿ ಹೋಗಿದ್ದಳು, ತುಟಿ ಒಡೆದಿತ್ತು. ಊಟಕ್ಕೆ ಕುಳಿತಾಗ ಅವಳ ಕೈ ನೀರಿನ ತಂಬಿಗೆಯತ್ತ ಹೋದರೆ ಅತ್ತೆ ಅದನ್ನು ಮೆಲ್ಲಗೆ ಆ ಕಡೆ ಸರಿಸುತ್ತಿದ್ದರು. "ಸಾಕು ಶಾಂತಾ, ಗುಟುಕು ಕುಡದಿ ಅಲ್ಲ," ಎನ್ನುತ್ತಿದ್ದರು. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಲ್ಲಿ ನಾಯಿಗೂ ನೀರಿಡುವ ಮನೆಯದು. ಸೊಸೆಗೆ ಮಾತ್ರ ಲೆಕ್ಕ.

ರಾತ್ರಿ ಎಲ್ಲರೂ ಮಾಳಿಗೆಯ ಮೇಲೆ ಗಾಳಿಗೆ ಮಲಗಿದರೆ ಅಕ್ಕನ ಹಾಸಿಗೆ ಕೆಳಗೆ, ಜೋಳದ ಚೀಲ ಇಡುವ ಕೋಣೆಯಲ್ಲಿ. ಹಾಸಿಗೆ ಅಂದೆನೆ? ಗೋಣಿತಟ್ಟು. ಅತ್ತೆಯೂ ಅದೇ ಕೋಣೆಯಲ್ಲಿ, ಕಾವಲಿಗೆ ಕುಳಿತವರಂತೆ. ಬೆಳಗ್ಗೆ ಬೇಗ ಎದ್ದು ನೋಡಿದರೆ ಅಕ್ಕ ಹಿತ್ತಲಲ್ಲಿ ಸೀರೆ ಒಗೆದು ಹಿಂಡುತ್ತಿದ್ದಳು. ಮೂರು ದಿನ ನೋಡಿದೆ, ಮೂರು ದಿನವೂ ಅದೇ. ಇದೆಲ್ಲದರ ಮೇಲೆ ಅತ್ತೆ ಪ್ರತಿದಿನ ಒಂದು ಬಾಟಲಿಯಿಂದ ಕಂದು ಬಣ್ಣದ ಕಷಾಯ ಬಗ್ಗಿಸಿ, ಅಕ್ಕ ಕುಡಿಯುವವರೆಗೂ ಎದುರಿಗೇ ನಿಲ್ಲುತ್ತಿದ್ದರು.

"ಏನಕ್ಕಾ ಅದು?" ಎಂದು ಕೇಳಿದೆ.

"ಏನಿಲ್ಲ ಬಿಡು," ಎಂದಳು ಅಕ್ಕ. ಮಾತು ಮುಗಿಯುವ ಮೊದಲೇ ಅತ್ತೆ ಅಡುಗೆಮನೆಯಿಂದ, "ಶಕ್ತಿಗವ್ವಾ, ಬಾಣಂತಿ ಮೈ," ಎಂದರು.

ಹದಿಮೂರು ತಿಂಗಳಿಗೆ ಯಾವ ಬಾಣಂತಿ?

ನನ್ನ ಅಕ್ಕ ನಗುವುದಕ್ಕೆ ಹೆಸರಾದವಳು. ನಮ್ಮ ಓಣಿಯ ಕೊನೆಗೂ ಅವಳ ನಗೆ ಕೇಳುತ್ತಿತ್ತು. ಈಗ ನಾನು ಶಾಲೆಯ ತಮಾಷೆ ಹೇಳಿದರೆ ಅವಳು ತುಟಿ ಕಚ್ಚಿ, ತೊಡೆಗಳನ್ನು ಬಿಗಿಹಿಡಿದು, "ಸಾಕ್ ನಿಲ್ಲಸು ಗಿರಿಜಾ, ನಗಸಬ್ಯಾಡ," ಎನ್ನುತ್ತಿದ್ದಳು. ಆ ವರ್ಷಗಳಲ್ಲಿ ಪತ್ರಿಕೆ ತೆರೆದರೆ ಸ್ಟೋವ್ ಸಿಡಿದು ಸತ್ತ ಸೊಸೆಯರ ಸುದ್ದಿ. ಓದಿದವಳು ನಾನು, ಒಂದಕ್ಕೊಂದು ಕೂಡಿಸಿದೆ. ಯಾರೂ ಇಲ್ಲದಾಗ ಆ ಕಷಾಯವನ್ನು ಒಂದು ಖಾಲಿ ಇಂಕಿನ ಬಾಟಲಿಗೆ ಬಗ್ಗಿಸಿಕೊಂಡು ನನ್ನ ಚೀಲದ ತಳದಲ್ಲಿ ಇಟ್ಟೆ. ಬಳ್ಳಾರಿಯಲ್ಲಿ ಅಕ್ಕನನ್ನು ಒಬ್ಬಳನ್ನೇ ಕೂರಿಸಿಕೊಂಡು ಬಾಯಿ ಬಿಡಿಸಬೇಕು, ಬೇಕಾದರೆ ಡಾಕ್ಟರಿಗೆ ತೋರಿಸಬೇಕು ಎಂಬುದು ನನ್ನ ಲೆಕ್ಕ.

ಬ್ರೂಸ್‌ಪೇಟೆಯಿಂದ ಸೀರೆ ತರುವ ನೆಪ ಹೇಳಿದೆ. ಮಾವ ಹೂಂ ಎಂದರು. ಅತ್ತೆ ಮಾತ್ರ, "ನಾನೂ ಬರ್ತೀನಿ," ಎಂದು ಸೆರಗು ಕೊಡವಿ ಎದ್ದರು. ಕೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮಡಿಚಿದ ಹಳೇ ಸೀರೆ ಒಂದನ್ನೂ ಬಟ್ಟೆ ಬಿಗಿದ ಹಿತ್ತಾಳೆ ತಂಬಿಗೆಯನ್ನೂ ಹಿಡಿದು ಬಂದರು. ಮೊಮ್ಮಗನನ್ನು ಬಿಟ್ಟು ಬರುವಷ್ಟು ಅವಸರ ಏತಕ್ಕೆ? ನನ್ನ ಅನುಮಾನ ಗಟ್ಟಿಯಾಯಿತು. ಬಸ್ಸಿನಲ್ಲಿ ಅಕ್ಕನ ಪಕ್ಕ ಕೂರಲು ಹೋದರೆ ಅಲ್ಲಿಯೂ ಅವರೇ ಮೊದಲು ಕುಳಿತರು.

ತಲೆ ಬಡಿದ ಸದ್ದಿಗೆ ತಿರುಗಿ ನೋಡಿದೆ. ಅಕ್ಕನ ಕಣ್ಣು ಅರ್ಧ ಮುಚ್ಚಿತ್ತು. ಮುಟ್ಟಿದರೆ ಮೈ ಕಾದ ಹೆಂಚು. ಬಸ್ಸಿನಲ್ಲಿದ್ದ ಎಲ್ಲರೂ ಬೆವರಿನಲ್ಲಿ ತೊಯ್ದಿದ್ದರು, ಅವಳ ಹಣೆಯ ಮೇಲೆ ಒಂದು ಹನಿ ಇಲ್ಲ. "ನೀರು," ಎಂದಳು, ಅಷ್ಟೇ. ಅತ್ತೆ ತಂಬಿಗೆಯ ಬಟ್ಟೆ ಬಿಚ್ಚಿ ಅವಳ ತುಟಿಗೆ ಹಿಡಿದರು.

ನಾನು ಆ ತಂಬಿಗೆಯನ್ನು ಜೋರಾಗಿ ತಟ್ಟಿದೆ. ಅದು ಬಸ್ಸಿನ ನೆಲಕ್ಕೆ ಬಿದ್ದು, ಸದ್ದು ಮಾಡುತ್ತ, ನೀರು ಚೆಲ್ಲುತ್ತ ಮುಂದಿನ ಬಾಗಿಲತನಕ ಉರುಳಿತು.

"ಏನ ಹಾಕೀರಿ ಇದರಾಗ?" ಎಂದು ಕೂಗಿದೆ. "ನಮ್ಮಕ್ಕಗ ಏನ ಕುಡಸೀರಿ ಇಷ್ಟ ದಿನ?"

ಅತ್ತೆ ನನ್ನನ್ನು ನೋಡಿದರು. ಅಷ್ಟರಲ್ಲಿ ಬಸ್ಸಿನ ತುಂಬ ಮಾತು ಹರಿದಾಡಿತು. "ಇಸ ಕುಡಸ್ಯಾರಂತ," ಎಂದರು ಯಾರೋ. ಕುರಿ ಕಾಯುವ ಮುದುಕನೊಬ್ಬ ತನ್ನ ಸೋರೆಬುರುಡೆಯ ನೀರನ್ನು ಮುಂದೆ ಚಾಚಿದ. ಇನ್ನೊಬ್ಬ ಅವನ ಕೈ ತಡೆದ. "ಇಸ ಒಳಗಿದ್ರ ನೀರ ಕೊಡಬಾರದೋ ಯಜ್ಜಾ, ಮೈಗೆಲ್ಲಾ ಏರತೈತಿ." ನಾನು ವಿಜ್ಞಾನದ ಟೀಚರು. ಆ ಮಾತಿಗೆ ತಲೆಯಾಡಿಸಿ, "ಹೌದು, ಕೊಡಬ್ಯಾಡ್ರಿ," ಎಂದೆ.

ಕಂಡಕ್ಟರ್ ಒಳ್ಳೆಯ ಮನುಷ್ಯ. "ಎಲ್ಲೂ ನಿಲ್ಲಸಬ್ಯಾಡಪ್ಪೋ, ಸೀದಾ ದವಾಖಾನಿಗೆ ಹೊಡಿ," ಎಂದು ಡ್ರೈವರಿಗೆ ಕೂಗಿದ. ಮೂವತ್ತೈದು ನಿಮಿಷದ ದಾರಿ. ಅಷ್ಟೂ ಹೊತ್ತು ಅಕ್ಕ ನೀರು ನೀರು ಎನ್ನುತ್ತಿದ್ದಳು. ಬಸ್ಸಿನಲ್ಲಿ ಎಲ್ಲರ ಬಳಿಯೂ ನೀರಿತ್ತು, ಯಾರೂ ಕೊಡಲಿಲ್ಲ. ಅತ್ತೆ ನೆಲದ ಮೇಲೆ ಕೂತು, ಹರಿದು ಹೋಗುತ್ತಿದ್ದ ನೀರಿನಲ್ಲಿ ತಮ್ಮ ಸೆರಗು ಅದ್ದಿ ಅಕ್ಕನ ಮುಖ, ಕುತ್ತಿಗೆ, ಅಂಗಾಲು ಒರೆಸುತ್ತಿದ್ದರು. ಆ ಸೆರಗಿನ ಮೇಲೂ ನನಗೆ ಅನುಮಾನ.

ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರಿದ್ದರು. ನಾನು ಇಂಕಿನ ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟು, "ಸಾರ್, ಇವರು ವಿಷ ಕೊಟ್ಟಿದ್ದಾರೆ," ಎಂದೆ. ಕಂಡಕ್ಟರ್ ತಂದುಕೊಟ್ಟ ತಂಬಿಗೆಯ ತಳದಲ್ಲಿ ಇನ್ನೂ ಒಂದು ಗುಟುಕು ಉಳಿದಿತ್ತು. "ಇದನ್ನೂ ಪರೀಕ್ಷೆ ಮಾಡಿಸಿ," ಎನ್ನುವಷ್ಟರಲ್ಲಿ ಅತ್ತೆ ತಂಬಿಗೆ ಎತ್ತಿ ಆ ನೀರನ್ನು ತಮ್ಮ ಬಾಯಿಗೆ ಸುರಿದುಕೊಂಡರು.

"ನೀರ ಐತ್ರಿ ಡಾಕ್ಟರ್ ಸಾಹೇಬ್ರ, ಬರೀ ನೀರ," ಎಂದರು.

ನನಗೆ ಆಗ ಹೊಳೆದದ್ದು ಒಂದೇ. ಸಾಕ್ಷಿ ಅಳಿಸಿದರು!

ಡಾಕ್ಟರು ನಮ್ಮಿಬ್ಬರತ್ತ ನೋಡಲೂ ಇಲ್ಲ. ಅಕ್ಕನ ನಾಲಗೆ ನೋಡಿದರು. ಅಂಗೈ ಹಿಂದಿನ ಚರ್ಮ ಚಿವುಟಿ ಎತ್ತಿದರು, ಅದು ಎತ್ತಿದ ಹಾಗೆಯೇ ನಿಂತಿತು. ಇಂಕಿನ ಬಾಟಲಿಯ ಮುಚ್ಚಳ ತೆರೆದು ಮೂಸಿ ಪಕ್ಕದ ಹಿರಿಯ ನರ್ಸಮ್ಮನಿಗೆ ಕೊಟ್ಟರು. ಆಕೆ ಒಂದೇ ಸಲ ಮೂಸಿ ನಕ್ಕರು. "ನೆಗ್ಗಿಲು ಮುಳ್ಳಿನ ಕಷಾಯ ಸಾರ್. ಮೂತ್ರದ ತ್ರಾಸಿಗೆ ನಮ್ಮವ್ವನೂ ಕುದಸ್ತಿದ್ಲು."

"ವಿಷವೂ ಇಲ್ಲ, ಏನೂ ಇಲ್ಲ. ಈಕೆಯ ಮೈಯಲ್ಲಿ ನೀರೇ ಇಲ್ಲ," ಎಂದರು ಡಾಕ್ಟರು. "ಯಾವಾಗಿನಿಂದ ನೀರು ಕುಡಿದಿಲ್ಲ?"

ಉತ್ತರ ಕೊಟ್ಟವರು ಅತ್ತೆ. "ನಿನ್ನೆ ಸಂಜಿಂದ್ರಿ. ಬಸ್ಸಿನಾಗ ಹೋಗೋದೈತಲ್ಲ, ಅದಕ್ಕ."

ಸಂಜೆಯ ಹೊತ್ತಿಗೆ ಎರಡು ಬಾಟಲಿ ಸಲೈನ್ ಇಳಿದಿತ್ತು. ಅಕ್ಕ ಕಣ್ಣು ಬಿಟ್ಟಳು. ಸ್ವಲ್ಪ ಹೊತ್ತಿಗೆ ಮುಖ ಗೋಡೆಗೆ ತಿರುಗಿಸಿ ಅಳತೊಡಗಿದಳು. ಹಾಸಿಗೆ ಒದ್ದೆಯಾಗಿತ್ತು. ಅತ್ತೆ ತಾವು ಮನೆಯಿಂದ ತಂದಿದ್ದ ಮಡಿಚಿದ ಹಳೇ ಸೀರೆ ಬಿಚ್ಚಿ ಅವಳ ಕೆಳಗೆ ಸರಿಸಿದರು. ಆ ಸೀರೆ ಏತಕ್ಕೆ ಬಂದಿತ್ತೆಂದು ನನಗೆ ಆಗ ತಿಳಿಯಿತು.

ಮರುದಿನ ಲೇಡಿ ಡಾಕ್ಟರ ಮುಂದೆ ಎಲ್ಲ ಹೊರಬಂತು. ಮೂರನೆಯ ಹೆರಿಗೆ ಮನೆಯಲ್ಲೇ ಆಗಿತ್ತು, ಎರಡು ದಿನದ ನೋವು, ದಪ್ಪ ಕೂಸು. ಆಮೇಲಿಂದ ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ, ನಕ್ಕರೆ ಅಕ್ಕನಿಗೆ ಮೂತ್ರ ಸೋರುತ್ತಿತ್ತು. ರಾತ್ರಿ ನಾಲ್ಕೈದು ಸಲ ಏಳಬೇಕು, ಎದ್ದರೂ ಹಿತ್ತಲು ಮುಟ್ಟುವಷ್ಟರಲ್ಲಿ ಸೀರೆ ಒದ್ದೆ. ಮಾಳಿಗೆಯ ಮೆಟ್ಟಿಲು ಇಳಿಯುವುದೆಲ್ಲಿ ಸಾಧ್ಯ? ಅದಕ್ಕೇ ಕೆಳಗಿನ ಕೋಣೆ, ಅದಕ್ಕೇ ಗೋಣಿತಟ್ಟು. ಗಂಡನಿಗೂ ಹೇಳಿರಲಿಲ್ಲ.

"ನೀರ ಕುಡಿಯಬ್ಯಾಡ ಅಂತ ಯಾರ್ ಹೇಳಿದ್ರಮ್ಮ?" ಎಂದು ಡಾಕ್ಟರು ಕೇಳಿದರು.

"ನಾನ ಹೇಳಿದ್ದು," ಎಂದರು ಅತ್ತೆ. "ಮೂವತ್ತ ವರ್ಷ ನಾನೂ ಹಂಗ ಮಾಡೀನ್ರಿ. ಬಸವರಾಜ ಹುಟ್ಟಿದಾಗಿಂದ ನಂಗೂ ಇದ ಐತಿ. ಲಗ್ನ, ದೇವರು, ಸಂತಿ, ಎಲ್ಲಿಗರ ಹೋಗಬೇಕಂದ್ರ ಹಿಂದಿನ ದಿನದಿಂದ ನೀರ ಬಂದ್. ನಂಗ ಅತ್ತಿ ಇರಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಇಕಿಗೆ ನಾನರ ಅದೀನಲ್ಲ ಅಂತ..."

ಕೋಣೆಯಲ್ಲಿದ್ದದ್ದು ಎರಡು ಗೋಣಿತಟ್ಟು. ಇನ್ನೊಂದು ಯಾರದ್ದೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆಪರೇಷನ್ ಸದ್ಯಕ್ಕೆ ಬೇಡ, ಸಡಿಲವಾದ ಮಾಂಸಖಂಡವನ್ನು ವ್ಯಾಯಾಮದಿಂದ ಬಿಗಿ ಮಾಡಬಹುದು ಎಂದು ಲೇಡಿ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಕೋಟೆಗುಡ್ಡದ ಕೆಳಗೆ ಒಂದು ಸಣ್ಣ ನರ್ಸಿಂಗ್ ಹೋಮಿನ ಹಿಂದಿನ ಕೋಣೆಯಲ್ಲಿ, ಮದರಾಸಿನಲ್ಲಿ ಓದಿ ಬಂದ ರಮಣಮ್ಮ ಎಂಬ ಫಿಸಿಯೋಥೆರಪಿಸ್ಟ್ ಇದ್ದರು. ಜನರ ಬಾಯಲ್ಲಿ ಅವರು 'ಕರೆಂಟ್ ಇಡೋ ಡಾಕ್ಟ್ರಮ್ಮ'. ಮುರಿದ ಕೈ, ಹಿಡಿದ ಭುಜದವರೇ ಅಲ್ಲಿಗೆ ಬರುತ್ತಿದ್ದರು. ಗೋಡೆಯ ಮೇಲೆ ಭುಜ ತಿರುಗಿಸುವ ಚಕ್ರ, ಮೇಜಿನ ಮೇಲೆ ವೈರಿನ ಪೆಟ್ಟಿಗೆ.

ಅತ್ತೆ ಆ ವೈರುಗಳನ್ನು ನೋಡಿದವರೇ ಎಲ್ಲರಿಗೂ ಕೇಳುವಂತೆ, "ಅಲ್ಲಿಗೆ ಕರೆಂಟ್ ಇಡ್ತೀರೇನ್ರಿ?" ಎಂದರು. ಪಕ್ಕದಲ್ಲಿ ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಗಂಡಸು ಎದ್ದು ಹೊರಗೆ ಹೋದ.

ರಮಣಮ್ಮ ನಕ್ಕು ಪರದೆ ಎಳೆದರು. ತೆಲುಗು ಬೆರೆತ ಕನ್ನಡ ಅವರದು. "ಕರೆಂಟೂ ಲೇದು, ಸೂಜೀನೂ ಲೇದು ಅವ್ವಾ. ಕೆಲಸ ಆಕೀದೇ."

ಗ್ಲೌಸ್ ಹಾಕಿದ ಬೆರಳಿನಿಂದ ಪರೀಕ್ಷೆ ಮಾಡಬೇಕಾಗುತ್ತದೆ, ಬೇಡವೆಂದರೆ ಬೇಡ ಎಂದು ಅಕ್ಕನಿಗೆ ಮೊದಲೇ ಹೇಳಿದರು. ಅಕ್ಕ ನನ್ನತ್ತ ನೋಡಿದಳು, ನಾನು ನೆಲ ನೋಡಿದೆ. ಅವಳೇ ಹೂಂ ಎಂದಳು. ನನಗೆ ಇಲ್ಲಿಯೂ ನಂಬಿಕೆ ಬರಲಿಲ್ಲ. ಮಾತ್ರೆ ಇಲ್ಲ, ಔಷಧ ಇಲ್ಲ, ಇದೆಂಥ ಚಿಕಿತ್ಸೆ? ಆಕೆ ಹೇಳಿದ್ದಿಷ್ಟು. ಮೂತ್ರ ಬಂದಾಗ ತಡೆಯುವ ಹಾಗೆ, ಗಾಳಿ ಹೋಗದಂತೆ ಹಿಡಿಯುವ ಹಾಗೆ ಒಳಗಿನದನ್ನು ಬಿಗಿ ಮಾಡಬೇಕು. ಐದು ಎಣಿಸುವವರೆಗೆ ಹಿಡಿದು, ಐದು ಎಣಿಸಿ ಬಿಡಬೇಕು. ಹೊಟ್ಟೆ ಬಿಗಿಯಬಾರದು, ಉಸಿರು ಕಟ್ಟಬಾರದು. ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಮೂತ್ರ ಮಾಡುತ್ತಲೇ ಅಭ್ಯಾಸ ಮಾಡುವುದು ಬೇಡ. ಗಡಿಯಾರ ನೋಡಿಕೊಂಡು ಹೊತ್ತು ಹೊತ್ತಿಗೆ ಹೋಗಬೇಕು. ಮತ್ತು ಹಗಲೆಲ್ಲ ಸರಿಯಾಗಿ ನೀರು ಕುಡಿಯಬೇಕು.

"ತೂತು ಕೊಡಕ್ಕ ಇನ್ನೂ ನೀರ ಹಾಕು ಅಂದಂಗಾತು," ಎಂದರು ಅತ್ತೆ.

ಐದು ಎಣಿಸುವುದು ಹೇಗೆ? 'ನಮಃ ಶಿವಾಯ' ಎಂದರೆ ಸರಿಯಾಗಿ ಐದು ಅಕ್ಷರ ಅಲ್ಲವೇ ಎಂದು ನಾನು ಜಾಣತನ ತೋರಿಸಿದೆ. ಅತ್ತೆ ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡರು. "ಅಲ್ಲಿ ಹಿಡಿಯಾಕ ಬಿಡಾಕ ಶಿವನ ಹೆಸರು ಬ್ಯಾಡವ್ವಾ." ಕೊನೆಗೆ ರಮಣಮ್ಮ ತಮ್ಮ ಭಾಷೆಯಲ್ಲೇ ಎಣಿಸಿಕೊಟ್ಟರು. ಒಕಟಿ, ರೆಂಡು, ಮೂಡು, ನಾಲುಗು, ಐದು. ದೇವರಿಗೂ ತೊಂದರೆಯಿಲ್ಲ, ಮಕ್ಕಳಿಗೂ ತಿಳಿಯುವುದಿಲ್ಲ.

ಎರಡು ವಾರ ಕಳೆದರೂ ಗುಣ ಕಾಣಲಿಲ್ಲ. ಇನ್ನೂ ಹೆಚ್ಚಾಯಿತು ಎಂದಳು ಅಕ್ಕ. ನನ್ನ ಅನುಮಾನ ಈಗ ರಮಣಮ್ಮನ ಮೇಲೆ ತಿರುಗಿತು. ಅವರೇ ಮತ್ತೆ ಪರೀಕ್ಷಿಸಿ ನೋಡಿದರೆ ತಪ್ಪು ಬೇರೆಯೇ ಇತ್ತು. ಅಕ್ಕ ಮೇಲಕ್ಕೆ ಎಳೆಯುವ ಬದಲು, ಹೆರಿಗೆಯಲ್ಲಿ ತಿಣುಕುವ ಹಾಗೆ ಕೆಳಕ್ಕೆ ಮುಕ್ಕುತ್ತಿದ್ದಳು. ಸೂಲಗಿತ್ತಿ ಮೂರು ಹೆರಿಗೆಯಲ್ಲೂ "ಬಿಗಿ ಹಿಡಿ, ಮುಕ್ಕು" ಎಂದೇ ಹೇಳಿದ್ದಳಂತೆ. ಬಿಗಿ ಎಂದರೆ ಅವಳ ಮೈಗೆ ಅದೇ ಗೊತ್ತು. ನಾನು ನೋಟುಬುಕ್ಕಿನಲ್ಲಿ ಚಿತ್ರ ಬರೆದು, ಬಾಣದ ಗುರುತು ಹಾಕಿ ವಿವರಿಸಿದೆ. ಅಕ್ಕ ತಲೆಯಾಡಿಸಿದಳು, ಮತ್ತೆ ಮುಕ್ಕಿದಳು.

ಪರದೆಯ ಪಕ್ಕ ಕೂತಿದ್ದ ಅತ್ತೆ, "ಶಾಂತಾ, ಬಾವ್ಯಾಗ ನೀರ ಸೇದತಿಯಲ್ಲ, ಕೊಡಾ ತಳದಾಗ ಐತಿ ಅನ್ಕೋ. ಮೆಲ್ಲಕ ಹಗ್ಗ ಮ್ಯಾಲಕ್ಕ ಎಳಿ. ದಂಡಿಗೆ ಬಂತಾ? ಅಲ್ಲೇ ಹಿಡಿ. ಈಗ ಮೆಲ್ಲಕ ಇಳಿಸು, ಧೊಪ್ಪ ಬಿಡಬ್ಯಾಡ," ಎಂದರು.

ರಮಣಮ್ಮನ ಮುಖ ಅರಳಿತು. "ಅದೇ! ಈಗ ಸರಿ ಬಂತು. ಅವ್ವಾ, ನಿಮಗೆ ಹೆಂಗ ತಿಳೀತು?"

"ಮೊನ್ನಿಂದ ನಾನೂ ಮಾಡಾಕ ಹತ್ತೀನಿ," ಎಂದರು ಅತ್ತೆ, ಗೋಡೆಯ ಚಕ್ರವನ್ನು ನೋಡುತ್ತ.

ಇತ್ತ ಮನೆಯಲ್ಲಿ ಮಾವನಿಗೆ ಬೇರೆ ಅನುಮಾನ. ಬಸ್ಸಿನಲ್ಲಿ ಅಕ್ಕನಿಗೆ ಬಿಸಿಲು ಬಡಿಯಿತು ಎಂದಷ್ಟೇ ಅವರಿಗೆ ಹೇಳಿದ್ದೆವು. ವಾರವಾರ ಬಳ್ಳಾರಿಗೆ ಹೋಗುವ ಹೆಂಡತಿ ರೊಟ್ಟಿ ಬಡಿಯುತ್ತ ಒಬ್ಬಳೇ ಒಕಟಿ ರೆಂಡು ಎನ್ನುತ್ತಾಳೆ. ತಾಯಿಯೂ ಜಗಲಿಯ ಮೇಲೆ ಕೂತು ಅದನ್ನೇ ಗೊಣಗುತ್ತಾಳೆ. ಒಂದು ಶನಿವಾರ ಅವರು ನನ್ನನ್ನು ಅಂಗಡಿಗೆ ಕರೆದು, "ಗಿರಿಜಾ, ನಿಜ ಹೇಳು. ಅತ್ತಿ ಸೊಸಿ ಕೂಡಿ ಯಾವ ಮಂತ್ರ ಕಲಿಯಾಕ ಹತ್ಯಾರ?" ಎಂದು ಕೇಳಿದರು. ಅಕ್ಕನ ಒಪ್ಪಿಗೆ ಕೇಳಿಕೊಂಡು ಬಂದು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಗೊಬ್ಬರದ ಚೀಲದ ಹೊಲಿಗೆ ದಾರ ಎಳೆಯುತ್ತ ಕುಳಿತರು. "ನಮ್ಮವ್ವಗ ಮೂವತ್ತ ವರ್ಷಾ?" ಎಂದಷ್ಟೇ ಕೇಳಿದರು. ಮರುದಿನದಿಂದ ಬಾವಿಯ ನೀರನ್ನು ಅವರೇ ಸೇದತೊಡಗಿದರು. ಓಣಿಯ ಹೆಂಗಸರು, "ಏನ್ ಬಸವರಾಜಪ್ಪಾ, ಅಂಗಡಿ ಮುಚ್ಚಿದೇನ?" ಎಂದು ಕಾಡಿದರೂ ನಿಲ್ಲಿಸಲಿಲ್ಲ.

ಅತ್ತೆಯ ಕ್ಷಮೆ ಕೇಳಲು ನಾನು ಎರಡು ಸಲ ಹೋದೆ. ಎರಡು ಸಲವೂ ಮಾತು ಶುರುವಾಗುವ ಮೊದಲೇ, "ಊಟಾ ಮಾಡು ನಡಿ," ಎಂದರು. ಆದರೆ ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದರು. ನನಗೆ ನೀರು ಕೊಡುವ ಮೊದಲು ನನ್ನೆದುರಿಗೇ ಅದರಿಂದ ಒಂದಿಷ್ಟು ತಮ್ಮ ಬೊಗಸೆಗೆ ಸುರಿದುಕೊಂಡು ಕುಡಿದು, "ನೋಡ್ಕೋ ಟೀಚರಮ್ಮ, ಎಲ್ಲಾ ಬರೋಬರಿ ಐತಿ," ಎಂದು ತಂಬಿಗೆ ಮುಂದೆ ಹಿಡಿಯುತ್ತಿದ್ದರು. ಮಜ್ಜಿಗೆ ಕೊಟ್ಟರೂ ಹಾಗೆಯೇ. ನಗುತ್ತಲೇ ಹೇಳುತ್ತಿದ್ದರು. ನಾನು ಒಂದು ಗುಟುಕು ಕುಡಿದು ತಂಬಿಗೆ ಕೆಳಗಿಡುತ್ತಿದ್ದೆ.

ಆ ಬೇಸಿಗೆಯಿಂದ ನನ್ನ ನಿದ್ರೆ ಕೆಟ್ಟಿತ್ತು. ಕಣ್ಣು ಮುಚ್ಚಿದರೆ ತಂಬಿಗೆ ಉರುಳುವ ಸದ್ದು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದರು. ಬಸ್ಸು ಕೆಟ್ಟು ನಿಂತಿದ್ದರೆ? ರೈಲ್ವೆ ಗೇಟು ಬಿದ್ದಿದ್ದರೆ? ಅಕ್ಕನನ್ನು ಕೊಂದವಳು ನೀರು ಕೊಡಲು ಬಂದ ಅತ್ತೆಯಲ್ಲ, ಅದನ್ನು ತಟ್ಟಿದ ನಾನು ಆಗಿರುತ್ತಿದ್ದೆ. ಮತ್ತು ಆಮೇಲೂ ನಾನು ಅತ್ತೆಯನ್ನೇ ಬೊಟ್ಟು ಮಾಡುತ್ತಿದ್ದೆ. ಈ ಎರಡನೆಯ ಯೋಚನೆಯೇ ನನ್ನನ್ನು ಹೆಚ್ಚು ಎಬ್ಬಿಸುತ್ತಿತ್ತು. ನಾಲ್ಕು ದಿನ ಆ ಮನೆಯಲ್ಲಿ ಅಷ್ಟೆಲ್ಲ ಕಣ್ಣಿಟ್ಟು ನೋಡಿದವಳು, "ಅಕ್ಕಾ, ನಿನಗ ಮೈಯಾಗ ಏನ ತ್ರಾಸ?" ಎಂದು ಒಂದು ಸಲ ಕೇಳಿರಲಿಲ್ಲ.

ಶ್ರಾವಣದಲ್ಲಿ ನಮ್ಮ ಮನೆಯ ಪೂಜೆಗೆ ಅಕ್ಕ, ಅತ್ತೆ ಇಬ್ಬರೂ ಸಿರುಗುಪ್ಪಕ್ಕೆ ಬಂದರು. ತೆಕ್ಕಲಕೋಟೆಯ ದಾರಿಯಾಗಿ ಬಸ್ಸಿನಲ್ಲೇ ಬಂದರು, ತಂಬಿಗೆಯ ನೀರನ್ನು ದಾರಿಯುದ್ದಕ್ಕೂ ಕುಡಿಯುತ್ತ. ಅತ್ತೆಗೆ ಪೂರ್ತಿ ವಾಸಿಯಾಗಿರಲಿಲ್ಲ, ಅರ್ಧಕ್ಕರ್ಧ ಎನ್ನುತ್ತಿದ್ದರು. ಅಕ್ಕನಿಗೆ ಸೀನು ಬಂದರೆ ಇನ್ನೂ ಒಂದು ಕ್ಷಣ ಭಯ. ಇಬ್ಬರೂ ತಮ್ಮ ಗೋಣಿತಟ್ಟು ಮಡಿಚಿ ಜೊತೆಗೆ ತಂದಿದ್ದರು. ಪಡಸಾಲೆಯಲ್ಲಿ ಮೂವರಿಗೂ ಸಾಲಾಗಿ ಹಾಸಿಗೆ ಹಾಸಿದೆ.

ನನಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಹಾಲಿನವನ ಸೈಕಲ್ ಗಂಟೆ ಕೇಳುತ್ತಿತ್ತು. ಪಕ್ಕದಲ್ಲಿ ಅಕ್ಕ ಬಾಯಿ ತೆರೆದು, ಚಿಕ್ಕಂದಿನಲ್ಲಿ ಮಲಗುತ್ತಿದ್ದಂತೆ, ಅಡ್ಡಾದಿಡ್ಡಿ ಮಲಗಿದ್ದಳು. ಅವಳ ಸೀರೆ ಒದ್ದೆಯಾಗಿರಲಿಲ್ಲ. ಎರಡೂ ಗೋಣಿತಟ್ಟು ಬಾಗಿಲ ಮೂಲೆಯಲ್ಲಿ ಮಡಿಚಿದ ಹಾಗೆಯೇ ಇದ್ದವು. ಅತ್ತೆ ಎದ್ದು ಗೋಡೆಗೆ ಒರಗಿ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ಎದ್ದಳೇನ್ರಿ ಅಕ್ಕ ನಡುವ?" ಎಂದು ಪಿಸುಗುಟ್ಟಿದೆ.

"ಒಂದ ಸಲನೂ ಇಲ್ಲ. ನಾ ಒಮ್ಮಿ ಎದ್ದಿದ್ದೆ, ನೋಡೀನಿ," ಎಂದರು. "ನೀನೂ ಎದ್ದಿಲ್ಲ. ದಿನಾ ರಾತ್ರಿ ಬೆಚ್ಚಿ ಏಳತಾಳ ಅಂತ ನಿಮ್ಮವ್ವ ಹೇಳತಿದ್ಲು."

ಆಮೇಲೆ ತಲೆಯ ಬಳಿ ಇದ್ದ ತಂಬಿಗೆಯನ್ನು ಎತ್ತಿಕೊಂಡರು. ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ, ಬೊಗಸೆಗೆ ಸುರಿದುಕೊಳ್ಳುವುದನ್ನು ಕಾಯುತ್ತ. ಅವರು ಸುರಿದುಕೊಳ್ಳಲಿಲ್ಲ. ತಂಬಿಗೆಯನ್ನು ಹಾಗೆಯೇ ನನ್ನ ಕೈಗೆ ಕೊಟ್ಟು, "ಕುಡಿ," ಎಂದರು.

ನಾನು ಒಂದು ಹನಿ ಚೆಲ್ಲದೆ ಪೂರ್ತಿ ಕುಡಿದೆ.